ಅಕ್ಕಿಕಾಳಷ್ಟು ಗಡ್ಡೆ

ಆ ಮಗುವಿನ ರಿಪೋರ್ಟನ್ನು ಅಜ್ಜಿ ಉಳಿಸಿದರು ಅಂತ ನಮ್ಮ ಲ್ಯಾಬಿನಲ್ಲಿ ಈಗಲೂ ಹೇಳುತ್ತಾರೆ. ಅಜ್ಜಿ ಅಂದರೆ ನಾನು. ಅದು ಸುಳ್ಳು. ಕೆಡಿಸಿದವಳು ನಾನು. ಕೆಡಿಸಿದ್ದನ್ನು ಹೇಳಿಕೊಂಡೆ, ಅಷ್ಟೇ. ಅದೂ ಧೈರ್ಯದಿಂದ ಹೇಳಿದ್ದಲ್ಲ. ಹೇಳಿದರೆ ಏನಾಗುತ್ತದೋ ಅನ್ನುವ ಹೆದರಿಕೆಗಿಂತ ಹೇಳದಿದ್ದರೆ ಏನಾಗುತ್ತದೋ ಅನ್ನುವ ಹೆದರಿಕೆ ಒಂದು ತೂಕ ಹೆಚ್ಚಿತ್ತು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಮೈಸೂರಿನ ಒಂದು ಆಸ್ಪತ್ರೆಯ ಲ್ಯಾಬಿಗೆ ಗಾಜು ತೊಳೆಯಲು ಸೇರಿದವಳು, ಈಗ ಅಲ್ಲೇ ಬ್ಲಾಕು ಕತ್ತರಿಸುತ್ತೇನೆ. ಕತ್ತರಿಸುವುದು ಅಂದರೇನು ಅಂತ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಯಾರಿಗೂ ತಿಳಿಯುವುದಿಲ್ಲ. ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯ ತುಂಡನ್ನು ಮೇಣದಲ್ಲಿ ಹೂತು ಗಟ್ಟಿಮಾಡುತ್ತಾರೆ. ಅದೇ ಬ್ಲಾಕು. ಅದನ್ನು ಯಂತ್ರಕ್ಕೆ ಸಿಕ್ಕಿಸಿ ಹಿಡಿ ತಿರುಗಿಸಿದರೆ ಬ್ಲೇಡಿನ ಮೇಲೆ ಈರುಳ್ಳಿಯ ಒಳಸಿಪ್ಪೆಗಿಂತ ತೆಳ್ಳಗೆ ಪದರ ಪದರವಾಗಿ ಬರುತ್ತದೆ, ಒಂದಕ್ಕೊಂದು ಅಂಟಿಕೊಂಡು ಪಟ್ಟಿಯ ಹಾಗೆ. ಆ ಪಟ್ಟಿಯನ್ನು ಬೆಚ್ಚನೆ ನೀರಿನ ತಟ್ಟೆಯ ಮೇಲೆ ತೇಲಿಬಿಟ್ಟರೆ ಸುಕ್ಕು ಬಿಡುತ್ತದೆ. ಆಗ ಕೆಳಗಿಂದ ಗಾಜು ತೂರಿಸಿ ಎತ್ತಿಕೊಳ್ಳಬೇಕು.

ಒಬ್ಬರ ಬ್ಲಾಕು ಮುಗಿದು ಇನ್ನೊಬ್ಬರದು ಶುರುಮಾಡುವ ಮೊದಲು ಆ ನೀರಿನ ಮೈಯನ್ನು ತೆಳುಕಾಗದ ಎಳೆದು ಒರೆಸಬೇಕು. ಮೊದಲಿನವರದು ಒಂದು ಚೂರು ತೇಲುತ್ತಿದ್ದರೂ ಆಮೇಲಿನವರ ಗಾಜಿಗೆ ಹತ್ತಿಕೊಳ್ಳುತ್ತದೆ. ಹೊಸದಾಗಿ ಕಲಿಯಲು ಬಂದವರಿಗೆ ಇದನ್ನು ಹೇಳಿಕೊಡುವವಳು ನಾನೇ. ಎಂಜಲೆಲೆ ಮೇಲೆ ಇನ್ನೊಬ್ಬರಿಗೆ ಬಡಿಸ್ತೀರಾ ಅಂತ ಬೈಯುತ್ತೇನೆ.

ಆ ಬ್ಲಾಕು ಬಂದದ್ದು ಒಂದು ಸೋಮವಾರ. ಮಾತ್ರೆ ಕವರಿನೊಳಗೆ ಸುತ್ತಿಕೊಂಡು ಮಗುವಿನ ತಾಯಿಯೇ ತಂದಿದ್ದಳು. ಇಲವಾಲದ ಕಡೆಯವಳು, ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಮಗಳಿಗೆ ಎಂಟು ವರ್ಷ. ಬೇರೆ ಊರಿನಲ್ಲಿ ಹಿಂದಲೆಯ ಕಿರುಮೆದುಳಿನಿಂದ ಗಡ್ಡೆ ತೆಗೆದಿದ್ದರು. ಬಹುಪಾಲು ಗಡ್ಡೆ ಹೀರುವ ಯಂತ್ರದಲ್ಲಿ ಹೋಗಿತ್ತು. ಉಳಿದದ್ದು ಇದೊಂದೇ ಬ್ಲಾಕು, ಅದನ್ನೂ ಮೊದಲ ಪರೀಕ್ಷೆಗೆ ಅಂತ ಕತ್ತರಿಸಿ ಕತ್ತರಿಸಿ ಸವೆಸಿದ್ದರು. ಬೆಳಕಿಗೆ ಹಿಡಿದು ನೋಡಿದೆ. ಮೇಣದ ನಡುವೆ ಒಂದು ಅಕ್ಕಿಕಾಳು, ಅದೂ ನುಚ್ಚು. ಎಷ್ಟು ಆಳಕ್ಕಿದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ.

ನಮ್ಮ ಡಾಕ್ಟರಮ್ಮ, ಅಂದರೆ ಸೂಕ್ಷ್ಮದರ್ಶಕದಲ್ಲಿ ನೋಡಿ ರಿಪೋರ್ಟು ಬರೆಯುವವರು, ನನ್ನನ್ನು ಕೂರಿಸಿ ಹೇಳಿದರು. ಈ ಗಡ್ಡೆಗೆ ಮೆಡುಲ್ಲೋಬ್ಲಾಸ್ಟೋಮಾ ಅಂತ ಹೆಸರು, ಅಪರೂಪದ್ದು, ಮಕ್ಕಳಿಗೇ ಹೆಚ್ಚು ಬರುವುದು. ಅದರಲ್ಲಿ ನಾಲ್ಕು ಜಾತಿ. ಮಾಮೂಲಿ ಬಣ್ಣ ಹಾಕಿದರೆ ನಾಲ್ಕೂ ಒಂದೇ ಥರ, ನೀಲಿ ಸಾಸಿವೆ ಚೆಲ್ಲಿದ ಹಾಗೆ ಕಾಣುತ್ತವೆ. ಬೇರೆ ಮಾಡಬೇಕಾದರೆ ಜೀವಕಣದೊಳಗಿನ ಪ್ರೋಟೀನುಗಳನ್ನು ಹುಡುಕಬೇಕು. ಒಂದೊಂದು ಪ್ರೋಟೀನಿಗೂ ಅದನ್ನೇ ಹೋಗಿ ಹಿಡಿಯುವ ಒಂದೊಂದು ಮದ್ದಿದೆ. ಹಿಡಿದ ಕಡೆ ಕಂದು ಬಣ್ಣ ಬರುತ್ತದೆ.

ಬೀಟಾ ಕ್ಯಾಟೆನಿನ್ ಅನ್ನುವುದು ಮೊದಲನೆಯದು. ಅದು ಸಾಮಾನ್ಯವಾಗಿ ಕಣದ ಹೊಟ್ಟೆಯಲ್ಲಿರುತ್ತದೆ, ನಡುವಿನ ಬೀಜ ನೀಲಿಯಾಗೇ ಉಳಿಯುತ್ತದೆ. ಒಂದು ಜಾತಿಯಲ್ಲಿ ಮಾತ್ರ ಬೀಜದೊಳಕ್ಕೇ ನುಗ್ಗಿ ಬೀಜ ಕಂದಾಗುತ್ತದೆ. ಅದು ಮಾತು ಕೇಳುವ ಜಾತಿ. ಚಿಕಿತ್ಸೆಗೆ ಬಗ್ಗುತ್ತದೆ, ಮಕ್ಕಳು ದೊಡ್ಡವರಾಗುತ್ತಾರೆ. ಗ್ಯಾಬ್ ಒನ್ ಅನ್ನುವುದು ಕಂದಾದರೆ ಎರಡನೇ ಜಾತಿ. ಯಾಪ್ ಒನ್ ಅನ್ನುವುದು ಈ ಎರಡರಲ್ಲೂ ಬರುತ್ತದೆ, ಸಾಕ್ಷಿ ಹೇಳುವವನ ಹಾಗೆ. ಮೂರೂ ಬರದಿದ್ದರೆ ಉಳಿದೆರಡು ಜಾತಿಗಳಲ್ಲಿ ಒಂದು. ಆಗ ರೇಡಿಯೇಷನ್ ಅನ್ನುವ ಕರೆಂಟು ಚಿಕಿತ್ಸೆಯನ್ನೂ ಔಷಧಿಯನ್ನೂ ಜೋರಾಗೇ ಕೊಡಬೇಕು, ಕೊಟ್ಟರೂ ಭರವಸೆ ಕಡಿಮೆ. ಮುಂದಿನ ಸೋಮವಾರ ಆ ಮಗುವಿಗೆ ಕರೆಂಟು ಶುರುವಾಗಬೇಕಿತ್ತು. ಆಪರೇಷನ್ ಆದಮೇಲೆ ಇಷ್ಟು ದಿನದೊಳಗೆ ಅಂತ ಲೆಕ್ಕ ಇರುತ್ತದಂತೆ, ಮೀರಿದರೆ ಗಡ್ಡೆ ಮತ್ತೆ ತಲೆ ಎತ್ತುತ್ತದಂತೆ.

"ಮೂರು ಗಾಜು ಸಾಕು ಅಜ್ಜಿ," ಅಂದರು ಡಾಕ್ಟರಮ್ಮ. "ಆದರೆ ಮೂರೂ ಚೆನ್ನಾಗಿರಬೇಕು."

ಮಂಗಳವಾರ ಕೂತೆ. ದಿನನಿತ್ಯದ ಬ್ಲಾಕುಗಳನ್ನೆಲ್ಲ ಬೇರೆಯವರು ಆಚೆ ಯಂತ್ರದಲ್ಲಿ ಕತ್ತರಿಸಲಿ ಅಂತ ಬಿಟ್ಟುಕೊಟ್ಟೆ. ಮೊದಲು ಹೋಲಿಕೆ ತುಂಡು ಕತ್ತರಿಸಿದೆ. ಬಣ್ಣ ಸರಿಯಾಗಿ ಹತ್ತಿದೆಯೋ ಇಲ್ಲವೋ ತಿಳಿಯಲು ಗಾಜಿನ ಒಂದು ತುದಿಗೆ ಬೇರೆ ಯಾರದೋ ತುಂಡು ಹಾಕುವುದು ನಮ್ಮಲ್ಲಿ ಪದ್ಧತಿ. ಬೀಟಾ ಕ್ಯಾಟೆನಿನ್ನಿಗೆ ಹಾಕುವುದು ಕರುಳಿನ ಗಡ್ಡೆ. ಅದರಲ್ಲಿ ಬೀಜ ಕಂದಾಗುವುದು ಖಾತ್ರಿ. ಅದನ್ನು ಎತ್ತಿಕೊಂಡು ಗಾಜುಗಳನ್ನು ಪಕ್ಕಕ್ಕಿಟ್ಟೆ.

ಆಮೇಲೆ ಮಗುವಿನದು. ಐಸಿನ ಮೇಲೆ ಮುಖ ಕೆಳಗಾಗಿ ಇಟ್ಟಿದ್ದೆ. ಮೇಣ ತಣ್ಣಗಿದ್ದರೆ ಗಟ್ಟಿಯಾಗಿ ಪದರ ಒಡೆಯದೆ ಬರುತ್ತದೆ, ಆದರೆ ಆ ತಂಪು ಹತ್ತು ಹನ್ನೆರಡು ಸುತ್ತು ತಿರುಗಿಸುವುದರೊಳಗೆ ಹೋಗಿಬಿಡುತ್ತದೆ. ಸಿಕ್ಕಿಸಿದೆ, ತಿರುಗಿಸಿದೆ. ಬರೀ ಮೇಣ. ಮತ್ತೆ ಬರೀ ಮೇಣ. ಒಂದು ಮೂಲೆ ಕಂಡಿತು. ಆಮೇಲೆ ಇದ್ದಕ್ಕಿದ್ದ ಹಾಗೆ ಪೂರ್ತಿ ಅಕ್ಕಿಕಾಳು ಪದರದ ಮೇಲೆ ಬಂತು. ಒಂದು, ಎರಡು, ಮೂರು. ಪಟ್ಟಿ ಬ್ಲೇಡಿನ ಅಂಚಿನಿಂದ ನೇತಾಡುತ್ತಿತ್ತು. ಗಾಳಿಗೆ ಹಾರಿದರೆ ಹೋಯಿತು. ನಾನು ಉಸಿರು ಹಿಡಿದು ಕುಂಚದ ತುದಿಯಲ್ಲಿ ಎತ್ತಿಕೊಂಡು ನೀರಿಗೆ ಇಳಿಸಿದೆ. ಮೂರೂ ಚಪ್ಪಟೆಯಾಗಿ ಕೂತವು. ಆ ಗಾಜುಗಳ ಇನ್ನೊಂದು ತುದಿಗೆ ಎತ್ತಿಕೊಂಡೆ. ಬ್ಲಾಕು ಬಿಚ್ಚಿಟ್ಟೆ, ನೀರು ಒರೆಸಿದೆ, ಕಾಗದ ಕಾಲಬುಡದ ಡಬ್ಬಕ್ಕೆ ಹಾಕಿದೆ.

ಬುಧವಾರ ಬಣ್ಣ. ಅದು ನನ್ನ ಕೆಲಸವಲ್ಲ. ಟೆಕ್ನಿಷಿಯನ್ನಿನದು. ನನ್ನ ದೊಡ್ಡ ಮಗನ ವಯಸ್ಸಿನವನು, ಕೆಲಸದಲ್ಲಿ ಚುರುಕು, ಬಾಯಿ ಇನ್ನೂ ಚುರುಕು. ಮೇಣ ಕರಗಿಸಿ ತೆಗೆದ ಗಾಜುಗಳನ್ನು ಒಂದು ಉಪ್ಪುನೀರಿನಂಥ ದ್ರಾವಣದಲ್ಲಿ ಮುಳುಗಿಸಿ ಪ್ರೆಷರ್ ಕುಕ್ಕರಿನಲ್ಲಿ ಕುದಿಸುತ್ತಾರೆ. ತುಂಡು ಕೆಡದಿರಲಿ ಅಂತ ಹಾಕುವ ಫಾರ್ಮಾಲಿನ್‌ನಲ್ಲಿ ನೆಂದು ಮುಚ್ಚಿಕೊಂಡ ಪ್ರೋಟೀನು ಆಗ ಬಾಯಿ ಬಿಡುತ್ತದೆ. ಮನೆ ಕುಕ್ಕರೇ, ಬೇರೆಯದೇನಲ್ಲ. ಅವತ್ತು ಅವನು ಕುದಿಸಿದ್ದನ್ನು ಬೇಗ ಆರಲಿ ಅಂತ ನಲ್ಲಿ ಕೆಳಗೆ ಹಿಡಿದ. ತೆಗೆದು ನೋಡಿದರೆ ಯಾಪ್ ಒನ್ ಗಾಜಿನ ಮೇಲೆ ಮಗುವಿನ ತುಂಡು ಇರಲಿಲ್ಲ. ಎದ್ದು ತೊಳೆದುಹೋಗಿತ್ತು.

ಗಾಜು ಸರಿಯಾಗಿ ಒಣಗಿಸಿಲ್ಲ ನೀವು ಅಂದ ಅವನು. ಮನೇಲಿ ಬೇಳೆ ಬೇಯಿಸಿದೋನಿಗೆ ಗೊತ್ತಿರ್ತಿತ್ತು, ಕುಕ್ಕರನ್ನ ನಲ್ಲಿ ಕೆಳಗೆ ಹಿಡಿದ್ರೆ ಒಳಗಿಂದೆಲ್ಲ ಅಲ್ಲಾಡುತ್ತೆ ಅಂತ ನಾನಂದೆ. ಇಬ್ಬರದೂ ಜಗಳ. ಯಾರದು ತಪ್ಪು ಅಂತ ಇವತ್ತಿಗೂ ಗೊತ್ತಿಲ್ಲ. ಆದರೆ ಸಾಕ್ಷಿ ಹೇಳುವವನು ಹೋಗಿದ್ದ.

ಉಳಿದವು ಎರಡು. ಗ್ಯಾಬ್ ಒನ್ ಏನೂ ಬಂದಿರಲಿಲ್ಲ. ಸಂಜೆ ನಾಲ್ಕರ ಹೊತ್ತಿಗೆ ಡಾಕ್ಟರಮ್ಮ ಬೀಟಾ ಕ್ಯಾಟೆನಿನ್ ಗಾಜು ಇಟ್ಟರು. ಅವರ ಸೂಕ್ಷ್ಮದರ್ಶಕಕ್ಕೆ ಟಿವಿ ಥರದ ಪರದೆ ಇದೆ, ಹಿಂದೆ ನಿಂತರೆ ನಮಗೂ ಕಾಣುತ್ತದೆ. ನೀಲಿ ಬೀಜ, ನೀಲಿ ಬೀಜ, ಬರೀ ನೀಲಿ. ಮಗುವಿನ ತುಂಡಿನ ಒಂದು ಅಂಚಿಗೆ ಬಂದಾಗ ಕಂದು ಕಂಡಿತು. ಇಪ್ಪತ್ತು ಮೂವತ್ತು ಕಣ ಇರಬಹುದು, ಬೀಜವೆಲ್ಲ ಕಂದು. ಅವರು ಫೋಕಸ್ ತಿರುಗಿಸಿದರು, ಅದು ಸ್ಪಷ್ಟವಾಯಿತು. ಮಾತು ಕೇಳುವ ಆ ಜಾತಿಯಲ್ಲಿ ಎಲ್ಲ ಕಣವೂ ಕಂದಾಗಬೇಕಿಲ್ಲ, ಅಲ್ಲಲ್ಲಿ ಒಂದೊಂದು ತೇಪೆ ಬಂದರೂ ಸಾಕು ಅಂತ ಮೊದಲೇ ಹೇಳಿದ್ದರು. ಅವರ ಮುಖದಲ್ಲಿ ನಗು ಬಂತು. ಪೂರ್ತಿ ನಗುವಲ್ಲ. "ನಾಳೆ ಬೆಳಿಗ್ಗೆ ಇನ್ನೊಂದ್ಸಲ ನೋಡಿ ಬರೀತೀನಿ," ಅಂದರು.

ನಾನು ಟೀ ಕುಡಿಯಲು ಹೊರಗೆ ಬಂದೆ. ಮೆಟ್ಟಿಲಿನ ಮೇಲೆ ಆ ತಾಯಿ ಕೂತಿದ್ದಳು. ಮೂರು ದಿನದಿಂದಲೂ ಅಲ್ಲೇ. ಡಾಕ್ಟರನ್ನು ಕೇಳಲು ಅವಳಿಗೆ ಅಂಜಿಕೆ, ನನ್ನನ್ನು ಕೇಳುತ್ತಿದ್ದಳು, ಆಯ್ತಾ ಅಜ್ಜಿ, ಆಯ್ತಾ ಅಜ್ಜಿ ಅಂತ. ನಾನು ಯಾರಿಗೂ ಸುಮ್ಮಸುಮ್ಮನೆ ಸಮಾಧಾನ ಹೇಳುವವಳಲ್ಲ. ನನ್ನ ಸೊಸೆಯಂದಿರನ್ನು ಕೇಳಿದರೆ ಅವರೇ ಹೇಳುತ್ತಾರೆ. ಅವತ್ತು ಏನಾಯಿತೋ. ಆ ಹೊತ್ತಿಗೆ ಮೂರು ದಿನದ ಹೆದರಿಕೆ ಇಳಿದು ಮೈ ಹಗುರಾಗಿತ್ತು, ಅದನ್ನು ಯಾರಿಗಾದರೂ ಹಂಚಬೇಕು ಅನ್ನಿಸಿತು.

"ಒಳ್ಳೇ ಜಾತಿನೇ ಕಣಮ್ಮ," ಅಂದುಬಿಟ್ಟೆ. "ನಾಳೆ ರಿಪೋರ್ಟ್ ಬರುತ್ತೆ. ಹೆದರ್ಬೇಡ."

ಅವಳು ಎದ್ದು ನನ್ನ ಕಾಲು ಮುಟ್ಟಿದಳು. ಫೋನು ತೆಗೆದು ಯಾರಿಗೋ ಮಾಡಿದಳು. ಮಾತಾಡುತ್ತಾ ಮಾತಾಡುತ್ತಾ ಗೇಟಿನ ಕಡೆ ಹೋದಳು, ಆ ಮೂರು ದಿನದಲ್ಲಿ ಮೊದಲ ಸಲ.

ಐದು ಗಂಟೆಗೆ ನನ್ನ ಜಾಗ ಚೊಕ್ಕಮಾಡಲು ಕೂತೆ. ಕಾಲಬುಡದ ಡಬ್ಬ ಖಾಲಿ ಮಾಡುವವಳು ನಾನೇ, ಬೇರೆ ಯಾರೂ ಮುಟ್ಟುವುದಿಲ್ಲ. ಸೋಮವಾರ ಖಾಲಿ ಮಾಡಿದ್ದೆ. ಮಂಗಳವಾರ ಕತ್ತರಿಸಿದ್ದು ಎರಡೇ ಬ್ಲಾಕು, ಹೋಲಿಕೆಯದು, ಮಗುವಿನದು. ಬುಧವಾರ ಯಂತ್ರ ಮುಟ್ಟಿರಲಿಲ್ಲ. ಹಾಗಾದರೆ ನೀರೊರೆಸಿದ ಕಾಗದ ಎರಡಿರಬೇಕಿತ್ತು. ಒಂದೇ ಇತ್ತು.

ಡಬ್ಬ ಬೋರಲು ಹಾಕಿದೆ. ಮೇಜಿನ ಕೆಳಗೆ ನೋಡಿದೆ, ಯಂತ್ರದ ಹಿಂದೆ ನೋಡಿದೆ. ಒಂದೇ. ಅದು ಮಗುವಿನದು ಮುಗಿದಮೇಲೆ ಒರೆಸಿದ್ದು. ಹೋಲಿಕೆ ತುಂಡಿಗೂ ಮಗುವಿನ ತುಂಡಿಗೂ ನಡುವೆ ನಾನು ಒರೆಸಿರಲಿಲ್ಲ. ಬ್ಲಾಕಿನ ತಂಪು ಆರುತ್ತದಲ್ಲ ಅನ್ನುವ ಗಡಿಬಿಡಿಯಲ್ಲಿ ಐಸಿನಿಂದ ತೆಗೆದು ನೇರ ಸಿಕ್ಕಿಸಿಬಿಟ್ಟಿದ್ದೆ.

ಆಗ ಡಾಕ್ಟರಮ್ಮ ಫೋಕಸ್ ತಿರುಗಿಸಿದ್ದು ಕಣ್ಣಮುಂದೆ ಬಂತು. ಆ ಕಂದು ತೇಪೆ ಸ್ಪಷ್ಟವಾದಾಗ ಸುತ್ತಲಿನ ನೀಲಿಯೆಲ್ಲ ಮಸುಕಾಗಿತ್ತು. ಒಂದೇ ಪದರದಲ್ಲಿದ್ದರೆ ಎರಡೂ ಒಟ್ಟಿಗೆ ಕಾಣಬೇಕು. ಅದು ಮೇಲೆ ಕೂತಿತ್ತು. ಅದು ಮಗುವಿನ ತಲೆಯದಲ್ಲ, ಯಾರದೋ ಕರುಳಿನದು. ನನ್ನ ನೀರಿನಲ್ಲಿ ತೇಲಿಬಂದದ್ದು.

ಟೆಕ್ನಿಷಿಯನ್ ಬ್ಯಾಗು ಹೆಗಲಿಗೆ ಹಾಕುತ್ತಿದ್ದ. ಅವನಿಗೆ ಹೇಳಿದೆ. ಮೊದಲು ನಕ್ಕ. ಆಮೇಲೆ ಬಾಗಿಲು ಹಾಕಿ ಬಂದು ಪಕ್ಕದಲ್ಲಿ ಕೂತ.

"ಅಜ್ಜಿ, ಇದನ್ನ ಇಲ್ಲಿಗೇ ಬುಡಿ. ಕಾಗದ ಎಲ್ಲೋ ಹಾರ್ಹೋಗಿರುತ್ತೆ."

"ಹಾರ್ಹೋಗಿಲ್ಲ ಕಣೋ. ನಾನು ಒರೆಸೇ ಇಲ್ಲ."

"ನೋಡೋರು ಅವರು. ಅಂಗಿದ್ರೆ ಅವರಿಗೇ ಗೊತ್ತಾಗುತ್ತೆ. ಗೊತ್ತಾಗ್ದಿದ್ರೆ ನಿಮ್ಮ ಪುಣ್ಯ. ಕಾಂಟ್ರಾಕ್ಟ್ ಮೇಲಿರೋರು ನೀವು, ನಿಮ್ಮ ವಯಸ್ಸು ನೋಡಿ ಯಾವಾಗ ಕಳಿಸೋಣ ಅಂತ ಕಾಯ್ತಾವ್ರೆ ಆಫೀಸ್ನಲ್ಲಿ."

ಅವನು ಕೆಟ್ಟದ್ದಕ್ಕೆ ಹೇಳಲಿಲ್ಲ. ನನ್ನ ಮೇಲಿನ ಅಕ್ಕರೆಯಿಂದಲೇ ಹೇಳಿದ. ಅದರಿಂದಲೇ ನನಗೆ ಇನ್ನೂ ಹೆದರಿಕೆಯಾಯಿತು, ಆ ಮಾತು ಕಿವಿಗೆ ಹಿತವಾಗಿತ್ತು.

ರಾತ್ರಿ ನಿದ್ದೆ ಬರಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಬಂತು. ಎದ್ದಾಗ ನೆನಪಾದದ್ದು ಆ ಮಗುವಿನ ಮುಖವಲ್ಲ, ಮಗುವನ್ನು ನಾನು ಇನ್ನೂ ನೋಡಿಯೇ ಇರಲಿಲ್ಲ. ಗೇಟಿನ ಕಡೆ ನಡೆದುಹೋದ ಆ ತಾಯಿಯ ಬೆನ್ನು. ಒಳ್ಳೇ ಜಾತಿ ಅಂತ ಬರೆದುಬಿಟ್ಟರೆ ಚಿಕಿತ್ಸೆ ಕಡಿಮೆ ಮಾಡಬಹುದು, ಅಷ್ಟು ಚಿಕ್ಕ ಮೆದುಳಿಗೆ ಕರೆಂಟು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು ಅಂತ ಡಾಕ್ಟರಮ್ಮನೇ ಹೇಳಿದ್ದರು. ಅದು ಒಳ್ಳೇ ಜಾತಿ ಅಲ್ಲದೆ ಇದ್ದರೆ? ಗಡ್ಡೆ ತಿರುಗಿ ಬಂದಾಗ ಯಾರಿಗೂ ಗೊತ್ತಾಗುವುದಿಲ್ಲ, ಅದು ಬಂದದ್ದು ಒಂದು ಕಾಗದದ ದೆಸೆಯಿಂದ ಅಂತ. ನನ್ನೊಬ್ಬಳಿಗೆ ಬಿಟ್ಟು.

ಬೆಳಿಗ್ಗೆ ಬಸ್ಸಿಳಿದು ನೇರ ಡಾಕ್ಟರಮ್ಮನ ಕೋಣೆಗೆ ಹೋದೆ. ನಿಂತುಕೊಂಡೇ ಹೇಳಿದೆ. ಡಬ್ಬದ್ದು ಹೇಳಿದೆ, ಕಾಗದದ್ದು ಹೇಳಿದೆ, ಫೋಕಸಿನದೂ ಹೇಳಿದೆ. ಅವರು ಗಾಜು ತೆಗೆದು ಇಟ್ಟರು. ಆ ಅಂಚಿಗೆ ಹೋಗಿ ಫೋಕಸನ್ನು ಮೇಲೆ ಕೆಳಗೆ, ಮೇಲೆ ಕೆಳಗೆ ತಿರುಗಿಸಿದರು. ಕಂದು ಬಂದಾಗ ನೀಲಿ ಹೋಗುತ್ತಿತ್ತು, ನೀಲಿ ಬಂದಾಗ ಕಂದು.

"ಹೌದು," ಅಂದರು ಕಡೆಗೆ. ಇನ್ನೂ ಸ್ವಲ್ಪ ಹೊತ್ತು ನೋಡಿ, "ಇದು ಬೇರೆಯದೇ," ಅಂದರು.

ನಾನು ಹೇಳದಿದ್ದರೂ ಅವರೇ ಕಂಡುಹಿಡಿಯುತ್ತಿದ್ದರೇನೋ. ಅದಕ್ಕೇ ಇನ್ನೊಮ್ಮೆ ನೋಡುತ್ತೇನೆ ಅಂದಿದ್ದಿರಬಹುದು. ನನಗೆ ಗೊತ್ತಿಲ್ಲ, ನಾನು ಕೇಳಲೂ ಇಲ್ಲ.

ಬೈಯುತ್ತಾರೆ ಅಂತ ಕಾದೆ. ಬೈಯಲಿಲ್ಲ. ಆಗ ಆ ತಾಯಿಗೆ ಹೇಳಿದ್ದನ್ನೂ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟರು.

"ಗಾಜಿಗೆ ಹತ್ತಿದ್ದನ್ನ ನಾನು ಗುರುತು ಹಿಡೀಬಹುದು ಅಜ್ಜಿ. ಅವಳ ಕಿವಿಗೆ ಹಾಕಿದ್ದನ್ನ ಯಾರು ತೆಗೀತಾರೆ?"

ನಾನು ಹೋಗಿ ಬ್ಲಾಕು ತಂದು ಅವರ ಮುಂದಿಟ್ಟೆ.

ಅವರು ಬೆಳಕಿಗೆ ಹಿಡಿದು ನೋಡಿದರು. ಇನ್ನೂ ಒಂದು ನೆರಳಿನಷ್ಟು ತುಂಡು ಇತ್ತು. ಬೆಂಗಳೂರಿನ ದೊಡ್ಡ ಲ್ಯಾಬಿಗೆ ಕಳಿಸೋಣವೇ ಅಂದುಕೊಂಡರು. ಅಲ್ಲಿಂದ ಉತ್ತರ ಬರುವುದರೊಳಗೆ ಸೋಮವಾರ ದಾಟಿ ಎಷ್ಟೋ ದಿನವಾಗುತ್ತಿತ್ತು. ನೀವೇ ಕತ್ತರಿಸ್ತೀರಾ ಅಂತ ನನ್ನನ್ನು ಕೇಳಿದರು. ನಾನು ಆಗಲ್ಲ ಅಂದೆ. ಬೇರೆ ಯಾರ ಕೈಲಾದರೂ ಮಾಡಿಸಿ, ನನ್ನ ಕೈ ನಂಬಬೇಡಿ ಅಂದೆ. ಟೆಕ್ನಿಷಿಯನ್ನನ್ನು ಕರೆದರು. ಅವನು ಯಂತ್ರ ಮುಟ್ಟಿ ವರ್ಷಗಳಾಗಿವೆ ಅಂದ. ಆಚೆ ಯಂತ್ರದಲ್ಲಿ ಕೂರುವವರು ಇನ್ನೂ ಕಲಿಯುತ್ತಿದ್ದವರು.

ಅಲ್ಲೇ ನಿಂತು ಯೋಚಿಸಿದೆ. ಬ್ಲಾಕನ್ನು ಒಮ್ಮೆ ಬಿಚ್ಚಿ ಮತ್ತೆ ಸಿಕ್ಕಿಸಿದರೆ ಅದರ ಮುಖ ಬ್ಲೇಡಿಗೆ ಮೊದಲಿನಂತೆ ಸಮನಾಗಿ ಕೂರುವುದಿಲ್ಲ. ಕೂದಲೆಳೆಯಷ್ಟು ಓರೆಯಾದರೂ ಸರಿಹೋಗುವವರೆಗೆ ಒಂದು ಕಡೆಯಿಂದ ಹೆರೆದುಹೋಗುತ್ತದೆ, ಹೆರೆದದ್ದು ಗಡ್ಡೆಯೇ. ಆ ಮುಖ ಸವೆದದ್ದು ನನ್ನ ಯಂತ್ರದ ಹಿಡಿಯಲ್ಲಿ, ನನ್ನ ಬ್ಲೇಡಿನ ಓರೆಯಲ್ಲಿ. ಬೇರೆ ಯಾವ ಯಂತ್ರಕ್ಕೆ ಹಾಕಿದರೂ, ಬೆಂಗಳೂರಿನದಕ್ಕೆ ಹಾಕಿದರೂ, ಇದಕ್ಕಿಂತ ಹೆಚ್ಚು ಹೆರೆದುಹೋಗುತ್ತದೆ. ಇದರಲ್ಲಿ ನನ್ನ ದೊಡ್ಡತನ ಏನಿಲ್ಲ. ಯಂತ್ರದ ಲೆಕ್ಕ.

"ನಾನೇ ಕತ್ತರಿಸ್ತೀನಿ," ಅಂದೆ. "ಆದ್ರೆ ನೀವು ಪಕ್ಕದಲ್ಲಿ ನಿಂತಿರ್ಬೇಕು. ನಾನು ಏನಾದ್ರೂ ಬಿಟ್ರೆ ಹೇಳ್ಬೇಕು."

ಅವರು ನಿಂತರು. ಅಷ್ಟು ಓದಿದವರು ನನ್ನ ಪಕ್ಕದಲ್ಲಿ ನಿಂತು, ನಾನು ಮಾಡಿದ್ದನ್ನೆಲ್ಲ ಬಾಯಲ್ಲಿ ಹೇಳಿ ಒಪ್ಪಿಸುವುದನ್ನು ಕೇಳಿದರು. ನೀರು ಚೆಲ್ಲಿ ತಟ್ಟೆ ಉಜ್ಜಿ ಹೊಸ ನೀರು ಹಾಕಿದೀನಿ. ಹೊಸ ಬ್ಲೇಡು. ಹೊಸ ಕುಂಚ. ಹೋಲಿಕೆ ತುಂಡು ಇವತ್ತು ಕತ್ತರಿಸಲ್ಲ, ಮುಂಚೆ ಕತ್ತರಿಸಿಟ್ಟಿರೋ ಬೇರೆ ಗಾಜನ್ನೇ ಬೇರೆಯಾಗಿ ಹಾಕೋಣ. ಫ್ಯಾನು ಆರಿಸಿ. ಟೆಕ್ನಿಷಿಯನ್ ಹೋಗಿ ಫ್ಯಾನು ಆರಿಸಿದ, ಬಾಗಿಲ ಹತ್ತಿರ ನಿಂತು ಒಳಗೆ ಬರುವವರನ್ನು ತಡೆದ.

ಬ್ಲಾಕು ಸಿಕ್ಕಿಸಿ ಅದರ ಹಿಂದೆ ಫೋನಿನ ಟಾರ್ಚು ಹಿಡಿಸಿದೆ. ಬ್ಲೇಡಿಗೂ ಬ್ಲಾಕಿನ ಮುಖಕ್ಕೂ ನಡುವೆ ಒಂದು ಬೆಳಕಿನ ಗೆರೆ ಕಾಣುತ್ತದೆ. ಆ ಗೆರೆ ಎಡಕ್ಕೂ ಬಲಕ್ಕೂ, ಮೇಲಕ್ಕೂ ಕೆಳಕ್ಕೂ ಒಂದೇ ದಪ್ಪ ಇರಬೇಕು. ಎಡಗಡೆ ದಪ್ಪ ಇತ್ತು. ತಿರುಪು ಸ್ವಲ್ಪ. ಬಲಗಡೆ ದಪ್ಪವಾಯಿತು. ಹಿಂದಕ್ಕೆ, ಅರ್ಧದ ಅರ್ಧ. ನನ್ನ ಕಣ್ಣಿನಲ್ಲಿ ನೀರು ಬರತೊಡಗಿತು. ದುಃಖಕ್ಕಲ್ಲ, ಎವೆ ಮಿಟುಕಿಸದೆ ನೋಡಿದ್ದಕ್ಕೆ. ಒರೆಸಿಕೊಂಡು ಮತ್ತೆ ನೋಡಿದೆ. ಗೆರೆ ಸಮವಾಯಿತು ಅನ್ನಿಸಿದಾಗ ಡಾಕ್ಟರಮ್ಮನಿಗೂ ತೋರಿಸಿದೆ. ಅವರು ಬಗ್ಗಿ ನೋಡಿ ತಲೆಯಾಡಿಸಿದರು.

ಬ್ಲಾಕಿನ ಮುಖಕ್ಕೆ ಐಸು ಒತ್ತಿ ತೆಗೆದು ತಿರುಗಿಸಿದೆ. ಮೊದಲ ಸುತ್ತು ಮೇಲಂಚು ಮಾತ್ರ. ಎರಡನೆಯದರಲ್ಲಿ ಅರ್ಧ. ಪ್ರತಿ ಸುತ್ತಿಗೂ ಆ ಮಗುವಿನದು ಸ್ವಲ್ಪ ಸ್ವಲ್ಪ ಹೋಗುತ್ತಿತ್ತು. ಐದನೆಯದಕ್ಕೆ ಪೂರ್ತಿ ಬಂತು. ಆಮೇಲೆ ನಾಲ್ಕು. ಹತ್ತನೆಯದು ಹರಿಯಿತು. ಹನ್ನೊಂದನೆಯದರಲ್ಲಿ ಬರೀ ಮೇಣ, ನಡುವೆ ಒಂದು ತೂತು. ಗಡ್ಡೆ ಮುಗಿದಿತ್ತು. ಇನ್ನು ಈ ಭೂಮಿಯ ಮೇಲೆ ಆ ಮಗುವಿನ ಗಡ್ಡೆ ಅಂತ ಪರೀಕ್ಷೆಗೆ ಇದ್ದದ್ದು ಆ ಐದು ಪದರ.

ಗಾಜಿಗೆ ಎತ್ತಿಕೊಂಡೆ. ಒಂದೊಂದನ್ನೂ ಎತ್ತುವಾಗ ನಂಬರು ಜೋರಾಗಿ ಓದಿದೆ, ಡಾಕ್ಟರಮ್ಮ ಬ್ಲಾಕಿನ ನಂಬರಿನ ಜೊತೆ ತಾಳೆ ನೋಡಿದರು. ಬೆಚ್ಚನೆ ಪೆಟ್ಟಿಗೆಯಲ್ಲಿ ಮಾರನೇ ದಿನದವರೆಗೆ ಒಣಗಲು ಬಿಟ್ಟೆವು. ಶುಕ್ರವಾರ ಟೆಕ್ನಿಷಿಯನ್ ಕುಕ್ಕರನ್ನು ನಲ್ಲಿ ಕೆಳಗೆ ಹಿಡಿಯಲಿಲ್ಲ. ಪಕ್ಕದಲ್ಲೊಂದು ಸ್ಟೂಲು ಹಾಕಿಕೊಂಡು ಅದು ತಾನಾಗಿ ಆರುವವರೆಗೆ ಸುಮ್ಮನೆ ಕೂತ. ನನ್ನ ಮುಖ ನೋಡಿ, "ಬೇಳೆ ಬೇಯ್ತು ಅಜ್ಜಿ," ಅಂದ. ನಗು ಬರಲಿಲ್ಲ ಇಬ್ಬರಿಗೂ. ಎಲ್ಲ ತುಂಡೂ ಗಾಜಿನ ಮೇಲೇ ಇದ್ದವು.

ಮಧ್ಯಾಹ್ನ ಪರದೆಯ ಮುಂದೆ ಮೂವರೂ ನಿಂತೆವು. ಬೇರೆ ಗಾಜಿನ ಮೇಲಿನ ಹೋಲಿಕೆ ತುಂಡಿನಲ್ಲಿ ಬೀಜ ಕಡುಕಂದು. ಬಣ್ಣ ಕೆಲಸ ಮಾಡಿದೆ. ಮಗುವಿನ ತುಂಡಿನಲ್ಲಿ ಕಣದ ಹೊಟ್ಟೆ ತಿಳಿಗಂದು, ಬೀಜ ನೀಲಿ. ಡಾಕ್ಟರಮ್ಮ ಸಾಲು ಸಾಲಾಗಿ ಹೊಲ ಉತ್ತ ಹಾಗೆ ಈ ತುದಿಯಿಂದ ಆ ತುದಿಗೆ ಹೋದರು. ನೀಲಿ. ಅಂಚಿಗೆ ಹೋದರು. ನೀಲಿ. ನಾನು ಒಳಗೊಳಗೇ ಬೇಡಿಕೊಂಡೆ, ಒಂದೇ ಒಂದು ಬೀಜ ಕಂದಾಗಲಿ ಅಂತ. ದೇವರನ್ನಲ್ಲ, ಆ ಗಾಜನ್ನೇ ಬೇಡಿಕೊಂಡೆ. ಇನ್ನೊಂದು ಪದರಕ್ಕೂ ಅದೇ ಮದ್ದು ಹಾಕಿದ್ದರು, ಅದೂ ನೀಲಿ. ಯಾಪ್ ಒನ್ ಗಾಜಿನಲ್ಲಿ ರಕ್ತನಾಳದ ಗೋಡೆ ಮಾತ್ರ ಕಂದಾಗಿತ್ತು. ಗೋಡೆಗೆ ಹತ್ತಿದ ಮದ್ದು ಗಡ್ಡೆಗೆ ಹತ್ತಿರಲಿಲ್ಲ. ಸಾಕ್ಷಿಯೂ ಇಲ್ಲ ಅಂತಲೇ ಹೇಳಿತು.

ಡಾಕ್ಟರಮ್ಮ ರಿಪೋರ್ಟು ಬರೆದರು. ಗ್ಯಾಬ್ ಒನ್ ಬುಧವಾರವೇ ಇಲ್ಲ ಅಂದಿತ್ತು, ಹಾಗಾಗಿ ಮೊದಲೆರಡು ಜಾತಿಯಲ್ಲ ಅಂತ ಬರೆದರು. ತುಂಡು ತೀರಾ ಚಿಕ್ಕದಾಗಿತ್ತು, ಇಷ್ಟರಲ್ಲಿ ಕಂಡದ್ದು ಇಷ್ಟು ಅಂತಲೂ ಬರೆದರು. ಆ ಎರಡನೇ ಮಾತು ನನ್ನನ್ನು ಬಿಟ್ಟಿಲ್ಲ. ಸಮ ಮಾಡಲು ಹೆರೆದ ಆ ನಾಲ್ಕು ಸುತ್ತಿನಲ್ಲಿ, ಹರಿದುಹೋದ ಆ ಒಂದರಲ್ಲಿ, ನಲ್ಲಿ ಕೆಳಗೆ ತೊಳೆದುಹೋದ ಆ ಒಂದರಲ್ಲಿ ಏನಿತ್ತೋ. ಕಂದು ಬೀಜ ಇದ್ದವೋ ಏನೋ. ಮೊದಲನೇ ದಿನ ಒಂದು ಕಾಗದ ಎಳೆದಿದ್ದರೆ ಆ ಹೆರೆದದ್ದಾದರೂ ಉಳಿಯುತ್ತಿತ್ತು. ಅಷ್ಟು ನೋಡಿದಮೇಲೆ ಕಂದು ಬೀಜ ಇರುವ ಸಂಭವ ಕಡಿಮೆ ಅಂತ ಡಾಕ್ಟರಮ್ಮ ಹೇಳುತ್ತಾರೆ. ಕಡಿಮೆ ಅನ್ನುತ್ತಾರೆ, ಇಲ್ಲವೇ ಇಲ್ಲ ಅನ್ನುವುದಿಲ್ಲ.

ನನ್ನ ಕೆಲಸಕ್ಕೇನೂ ಆಗಲಿಲ್ಲ. ನಡೆದದ್ದನ್ನು ಆಫೀಸಿನವರಿಗೆ ಬರೆದುಕೊಟ್ಟೆ, ಅವರು ಫೈಲಿನಲ್ಲಿ ಇಟ್ಟುಕೊಂಡರು. ಶುಕ್ರವಾರ ಸಂಜೆ ಹೊರಡುವಾಗ ಡಾಕ್ಟರಮ್ಮ ಕರೆದು, ಫಲಿತಾಂಶ ಹೇಳುವುದು ಮಗುವಿನ ಡಾಕ್ಟರ ಕೆಲಸ, ನೀವು ಅದರಲ್ಲಿ ಮತ್ತೆ ಬಾಯಿ ಹಾಕಬೇಡಿ ಅಂದರು. ನ್ಯಾಯವಾದ ಮಾತು. ಹಾಕಲ್ಲ, ಆದರೆ ನಾನು ಹಾಕಿದ್ದನ್ನು ನಾನು ತೆಗೆಯಬೇಕು ಅಂದೆ. ಅವರು ಬೇಡ ಅನ್ನಲಿಲ್ಲ.

ಮರುದಿನ ಶನಿವಾರ. ಕರೆಂಟು ಕೊಡುವಾಗ ತಲೆ ಅಲುಗದಿರಲಿ ಅಂತ ಮಗುವಿನ ಮುಖದ ಮೇಲೆ ಜಾಲರಿಯ ಅಚ್ಚು ತೆಗೆಯುವ ದಿನ. ಎಂಟು ಗಂಟೆಗೆ ಆ ವಿಭಾಗದ ಬಾಗಿಲ ಹತ್ತಿರದ ಬೆಂಚಿನ ಮೇಲೆ ಹೋಗಿ ಕೂತೆ. ಎದ್ದು ಹೋಗಿಬಿಡೋಣ ಅಂತ ಎರಡು ಸಲ ಅನ್ನಿಸಿತು. ಅವರು ಬಂದರು. ಮಗು ಕುಡಿದವರ ಹಾಗೆ ಅಗಲಕ್ಕೆ ಕಾಲಿಟ್ಟು ನಡೆಯುತ್ತಿತ್ತು, ಆ ಗಡ್ಡೆ ಬಂದವರು ಹಾಗೇ ನಡೆಯುವುದು. ಹಣೆಯಲ್ಲಿ ಕುಂಕುಮ, ತಾಯಿಯ ಕೈಯಲ್ಲಿ ಪ್ರಸಾದದ ಪೊಟ್ಟಣ. ನನ್ನನ್ನು ಕಂಡು ಪೊಟ್ಟಣ ಬಿಚ್ಚಲು ಹೋದಳು.

"ಬೇಡ," ಅಂದೆ. "ಮೊದ್ಲು ಕೇಳು. ಬುಧವಾರ ನಾನು ಹೇಳಿದ್ನಲ್ಲ, ಅದು ನಿಜ ಅಲ್ಲ. ಪರೀಕ್ಷೆ ಮುಗಿಯೋ ಮುಂಚೆ ಹೇಳ್ಬುಟ್ಟೆ. ಮಾಡಿದ್ದ ಪರೀಕ್ಷೇನೂ ಕೆಟ್ಟಿತ್ತು, ಅದೂ ನನ್ನ ಕೈಯಿಂದ್ಲೇ. ಮತ್ತೆ ಮಾಡಿದೀವಿ. ಏನು ಬಂದಿದೆ ಅಂತ ಒಳಗೆ ಡಾಕ್ಟ್ರು ಹೇಳ್ತಾರೆ."

ಅವಳು ಪೊಟ್ಟಣ ಹಿಡಿದೇ ನಿಂತಳು.

"ಕೆಟ್ಟದ್ದಾ?"

"ಡಾಕ್ಟ್ರು ಹೇಳ್ತಾರೆ ಕಣಮ್ಮ."

ನನ್ನ ಮುಖವನ್ನೇ ನೋಡಿದಳು. ನಾನು ಕಣ್ಣು ಕೆಳಗೆ ಹಾಕಲಿಲ್ಲ, ಅಷ್ಟು ಮಾತ್ರ ಮಾಡಿದೆ.

"ಊರಿಗೆಲ್ಲ ಹೇಳ್ಬುಟ್ಟಿದೀನಿ," ಅಂದಳು. "ಯಾಕಜ್ಜಿ ಹಂಗಂದ್ರಿ?"

ಒಳಗಿಂದ ಹೆಸರು ಕೂಗಿದರು. ಹೋದರು. ಕೆಳಗೆ ಲ್ಯಾಬಿನಲ್ಲಿ ನನ್ನ ಬ್ಲಾಕುಗಳು ಕಾಯುತ್ತಿದ್ದವು, ಟೆಕ್ನಿಷಿಯನ್ ಎರಡು ಸಲ ಫೋನು ಮಾಡಿದ, ಎತ್ತಲಿಲ್ಲ. ಒಂದೂವರೆ ಗಂಟೆಯಾದಮೇಲೆ ಬಾಗಿಲು ತೆರೆಯಿತು. ತಾಯಿಯ ಕಣ್ಣು ಊದಿತ್ತು. ಮಗುವಿನ ಕೆನ್ನೆಯ ಮೇಲೆ ಅಚ್ಚಿನ ಜಾಲರಿ ಗುರುತು ಕೆಂಪಗೆ ಮೂಡಿತ್ತು. ಹೊರಗೆ ಹೋಗುವ ದಾರಿ ಇಳಿಜಾರಾಗಿತ್ತು, ಮಗು ಒಂದು ಕಡೆಗೆ ವಾಲುತ್ತಿತ್ತು. ತಾಯಿಯ ಒಂದು ಕೈಯಲ್ಲಿ ಫೈಲುಗಳು, ಚೀಲ.

"ಆ ಕಡೆ ಕೈ ಹಿಡ್ಕೊಳ್ಳಿ," ಅಂದಳು ನನಗೆ. ಮುಖ ನೋಡಲಿಲ್ಲ.

ಹಿಡಿದುಕೊಂಡೆ. ಮಗುವಿನ ಹೆಜ್ಜೆಗೆ ನಮ್ಮ ಹೆಜ್ಜೆ ಹಾಕುತ್ತಾ ಮೂವರೂ ಇಳಿದೆವು.